ಮಾವನ ತೊಡೆಯ ಉರಿಗೆ ಎಷ್ಟು ಪರ್ಸೆಂಟ್?

ಉಡುಪಿಯಲ್ಲಿರುವ ನಮ್ಮ ಮಾವ ಸೇನೆಯಿಂದ ನಿವೃತ್ತರಾಗಿ ಹದಿನೈದು ವರ್ಷ ಆಯ್ತು. ಲುಂಗಿಯ ಅಂಚು ತಾಗಿದರೂ ಸಾಕು, ಬಲತೊಡೆಯ ಹೊರಭಾಗ ಮೆಣಸಿನಪುಡಿ ಹಚ್ಚಿದ ಹಾಗೆ ಉರಿಯುತ್ತದೆ. ಕೆಲವೊಮ್ಮೆ ಅದೇ ಜಾಗ ಮರಗಟ್ಟಿ ಚಿವುಟಿದರೂ ಗೊತ್ತಾಗುವುದಿಲ್ಲ. ತೊಡೆಯ ಚರ್ಮಕ್ಕೆ ಹೋಗುವ ನರ ಸೊಂಟದ ಹತ್ತಿರ ಒತ್ತಿಹೋದರೆ ಹೀಗಾಗುತ್ತದೆ, ಬಿಗಿ ಬೆಲ್ಟಿನಿಂದಲೂ ಬರಬಹುದು. ಈ ನರ ಸ್ಪರ್ಶ ಮಾತ್ರ ತಿಳಿಸುತ್ತದೆ, ಕಾಲಿನ ಬಲ ಹಾಗೇ ಇರುತ್ತದೆ. ಹಾಗಾಗಿ ಅವರು ನಡೆಯುವುದನ್ನು ನೋಡಿದವರು "ಏನೂ ಆಗಿಲ್ವಲ್ಲ" ಅಂತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಮಾವನ ಹಾಗೆ ಅವಧಿ ಮುಗಿಸಿ ಬಂದವರಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಸೇನೆಯ ಮೆಡಿಕಲ್ ಬೋರ್ಡ್ ಕನಿಷ್ಠ 20 ಪರ್ಸೆಂಟ್ ವೈಕಲ್ಯ ಅಂತ ಬರೆಯಬೇಕು, ಜೊತೆಗೆ ಸೇವೆಯಿಂದಲೇ ಬಂತು ಅಥವಾ ಸೇವೆಯಿಂದ ಜಾಸ್ತಿಯಾಯ್ತು ಅಂತ ಒಪ್ಪಬೇಕು. ಮಾವನ ಕಾಗದದಲ್ಲಿರುವುದು 15ರಿಂದ 19. ಅಷ್ಟೇ ಕಡಿಮೆ! 20 ಇದ್ದಿದ್ದರೆ ಅದನ್ನೇ 50 ಅಂತ ಲೆಕ್ಕ ಹಿಡಿಯಬಹುದಿತ್ತು. ನಿವೃತ್ತರಾದವರಿಗೂ ಆ ಲೆಕ್ಕ ಸಲ್ಲುತ್ತದೆ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಕೊಚ್ಚಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವ ಯೋಚನೆ ಇದೆ. ಮಳೆಗಾಲಕ್ಕೆ ಬೂಷ್ಟು ಹಿಡಿದ ಹಳೇ ವೈದ್ಯಕೀಯ ಕಾಗದಗಳನ್ನು ಅತ್ತೆ ಟ್ರಂಕಿನಿಂದ ತೆಗೆದು ಅಂಗಳದ ಬಿಸಿಲಿಗೆ ಒಂದೊಂದಾಗಿ ಹರಡಿದ್ದಾರೆ.