ಲೋಕಲ್ ನಿಲ್ಲುವ ದಿನ

ಜುಲೈ ತಿಂಗಳಲ್ಲಿ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ದಕ್ಷಿಣ ಮುಂಬಯಿಯ ಫೋರ್ಟಿಗೆ ಕೆಲಸಕ್ಕೆ ಹೊರಡುವವರು ಮನೆಯಲ್ಲೇ ಸಮುದ್ರದ ಉಬ್ಬರದ ವೇಳೆ ನೋಡಿಕೊಳ್ಳಬೇಕು. ಉಬ್ಬರ 4.5 ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಕೊಡುತ್ತದೆ. ಸಮುದ್ರ ಅಷ್ಟು ಏರಿದಾಗ ಜೋರು ಮಳೆ ಬಂದರೆ ಊರಿನ ನೀರಿಗೆ ಹೋಗಲು ದಾರಿಯಿಲ್ಲ. ಹಳೆಯ ಚರಂಡಿಗಳನ್ನು ಕಟ್ಟಿದ್ದೇ ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತು.

ಎದೆಮಟ್ಟದ ನೀರಲ್ಲಿ ನಡೆದು ಮನೆ ಸೇರುವುದನ್ನು ಈ ಊರಿನ ಎದೆಗಾರಿಕೆ ಎಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಹೊತ್ತಿಗೆ ಮೊದಲೇ ದಾರಿ ಬದಲಿಸಿದವರು ಮರುದಿನ ಗಟ್ಟಿಯಾಗಿರುತ್ತಾರೆ, ನೀರಿಗಿಳಿದವರು ಹಾಸಿಗೆ ಹಿಡಿಯುತ್ತಾರೆ.

ಡೊಂಬಿವಲಿಗೆ ಹೋಗುವ ಸೆಂಟ್ರಲ್ ಲೈನಿನಲ್ಲಿ ಸಾಮಾನ್ಯವಾಗಿ ಮೊದಲು ಮುಳುಗುವುದು ಸಾಯನ್–ಕುರ್ಲಾ ನಡುವೆ, ಮಿಠಿ ನದಿಯ ಬದಿ. ಹಳಿಯ ಮೇಲೆ ನೀರು ನಿಂತರೆ ಗಾಡಿಯ ಹಳಿ ಬದಲಿಸುವ ಪಾಯಿಂಟ್ ಕೆಡುತ್ತದೆ, ಸಿಗ್ನಲ್ ಕೆಂಪಾಗಿಯೇ ಉಳಿಯುತ್ತದೆ, ಒಂದರ ಹಿಂದೆ ಒಂದು ಗಾಡಿ ನಿಲ್ಲುತ್ತದೆ. ಆದ್ದರಿಂದ ಮಧ್ಯಾಹ್ನ ಮೂರಕ್ಕೇ ತೀರ್ಮಾನ ಆಗಬೇಕು. ಆರು ಗಂಟೆಯ ಜನಸಂದಣಿಯಲ್ಲಿ ತೀರ್ಮಾನ ನಮ್ಮ ಕೈಯಲ್ಲಿರುವುದಿಲ್ಲ. ವೆಸ್ಟರ್ನ್ ಲೈನ್ ಓಡುತ್ತಿದ್ದರೆ ಚರ್ಚ್‌ಗೇಟಿನಿಂದ ಅಂಧೇರಿ, ಅಲ್ಲಿಂದ ಮೆಟ್ರೋದಲ್ಲಿ ಘಾಟ್‌ಕೋಪರ್. ಅಷ್ಟಾದರೆ ಮುಳುಗಿದ ತುಂಡು ಹಿಂದೆ ಬಿತ್ತು, ಮುಂದೆ ಡೊಂಬಿವಲಿ, ಕಲ್ಯಾಣ್ ಕಡೆಗೆ ಗಾಡಿ ಸಿಗುವ ಸಾಧ್ಯತೆ ಇದೆ. ಅದೂ ಇಲ್ಲವೆಂದರೆ ದಾದರ್ ಅಥವಾ ಮಾಟುಂಗಾದಲ್ಲೇ ಉಳಿಯುವುದು ಮೇಲು, ಎರಡೂ ಸಾಯನ್‌ಗಿಂತ ಈಚೆ. ನಮ್ಮವರ ಮನೆಗಳು ಅಲ್ಲಿ ಕಡಿಮೆಯೇನಲ್ಲ. ಆದರೆ "ಅಕ್ಕಾ, ಗಾಡಿ ನಿಂತರೆ ರಾತ್ರಿ ನಿಮ್ಮಲ್ಲಿಗೆ ಬರಬಹುದಾ?" ಎಂದು ಜೂನ್‌ನಲ್ಲೇ ಕೇಳಿಡಬೇಕು. ನೆನೆದು ಬಂದು ಕದ ತಟ್ಟುವಾಗ ಸಂಕೋಚ ಹೆಚ್ಚು, ಆ ಸಂಕೋಚದಿಂದಲೇ ಎಷ್ಟೋ ಜನ ನೀರಿಗಿಳಿಯುತ್ತಾರೆ.

ಆಫೀಸಿಗೆ "ಮಳೆ ಜಾಸ್ತಿ" ಎಂದಷ್ಟೇ ಹೇಳಿದರೆ ಸಾಲದು. ಯಾವ ಕೆಲಸ ಮುಗಿಯಿತು, ಯಾವುದು ರಾತ್ರಿ ಒಂಬತ್ತಕ್ಕೆ ಬರುತ್ತದೆ, ಯಾವುದು ನಾಳೆಗೆ ಎಂದು ಬಿಡಿಸಿ ಹೇಳಿದರೆ ತಡೆಯುವವರು ಕಡಿಮೆ.

ಚೀಲದಲ್ಲಿ 10,000 ಎಂಎಎಚ್ ಪವರ್ ಬ್ಯಾಂಕ್, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಬಟ್ಟೆ, ಎರಡು ದಿನದ ಮಾತ್ರೆ, ಚಿಕ್ಕಿ, 500 ರೂಪಾಯಿಯಷ್ಟು ಚಿಲ್ಲರೆ ನೋಟುಗಳು. ನೆಟ್‌ವರ್ಕ್ ಹೋದಾಗ ಫೋನಿನಿಂದ ದುಡ್ಡು ಕೊಡಲಾಗದು. ಜೀನ್ಸ್ ಬೇಡ, ನೆನೆದರೆ ಭಾರ, ರಾತ್ರಿಯಿಡೀ ಒಣಗದು.

ನಡುದಾರಿಯಲ್ಲಿ ನಿಂತ ಲೋಕಲ್‌ನಿಂದ ಧುಮುಕಬಾರದು, ಪಕ್ಕದ ಹಳಿಯಲ್ಲಿ ಗಾಡಿ ಬರಬಹುದು. ರಸ್ತೆಯ ನೀರು ಇನ್ನೂ ಮೋಸ. 2017ರ ಆಗಸ್ಟ್ 29ರಂದು ಎಲ್ಫಿನ್‌ಸ್ಟನ್ ಬಳಿ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ಹೆಸರಾಂತ ವೈದ್ಯರೊಬ್ಬರು ತೀರಿಕೊಂಡರು, ಮನೆಗೆ ನಡೆದು ಹೋಗುತ್ತಿದ್ದವರು. ಇಳಿಯಲೇಬೇಕಾದರೆ ಮುಚ್ಚಿದ ಕೊಡೆಯಿಂದ ಮುಂದಿನ ನೆಲ ಮುಟ್ಟಿ ನೋಡಿಯೇ ಹೆಜ್ಜೆ ಇಡಬೇಕು, ನೀರು ಸುಳಿ ತಿರುಗುವಲ್ಲಿಂದ ದೂರ ಇರಬೇಕು. ಸಹಾಯಕ್ಕೆ ಪಾಲಿಕೆಯ 1916.

ಮನೆ ಸೇರಿದ ಮೇಲೆ ಕಾಲು ಸೋಪಿನಿಂದ ತೊಳೆಯುವುದು, ಗಾಯವಿದ್ದರೆ ಇಲಿಜ್ವರದ ಮುಂಜಾಗ್ರತೆ ಮಾತ್ರೆಗಾಗಿ 72 ಗಂಟೆಯೊಳಗೆ ಡಾಕ್ಟರನ್ನು ಕಾಣುವುದು. ಮುಂದಿನ ಎರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ, ನೀರಲ್ಲಿ ನಡೆದದ್ದನ್ನು ಅವರಿಗೆ ಮೊದಲ ಮಾತಿನಲ್ಲೇ ಹೇಳಬೇಕು.