ಸ್ಕ್ಯಾಜಿಟ್ ಕಣಿವೆಯ ಬಾಲ್ಡ್ ಈಗಲ್‌ಗಳು: ಸಿಯಾಟಲ್‌ನಿಂದ ಒಂದು ದಿನದ ಪ್ರವಾಸ

ರಾಕ್‌ಪೋರ್ಟ್‌ಗೆ ಹೊರಡುವ ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ಜೊತೆ ನದಿಯ ಮಟ್ಟವನ್ನೂ ನೋಡಬೇಕು. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿದಂಡೆಯ ಈ ಪುಟ್ಟ ಊರಿಗೆ ಬಾಲ್ಡ್ ಈಗಲ್ ಎಂಬ ಬಿಳಿ ತಲೆಯ ಹದ್ದುಗಳು ಬರುವುದು ಚಮ್ ಸಾಲ್ಮನ್ ಮೀನಿಗಾಗಿ. ಸಮುದ್ರದಿಂದ ನದಿಗೆ ಏರಿಬರುವ ಈ ಮೀನುಗಳು ನವೆಂಬರ್, ಡಿಸೆಂಬರ್‌ನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಸತ್ತ ಮೀನು ಜಲ್ಲಿದಿಬ್ಬಗಳ ಮೇಲೆ ಬಿದ್ದಿರುವಷ್ಟು ದಿನ ಹದ್ದುಗಳಿಗೆ ಹಬ್ಬ. ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಅವು ಹೆಚ್ಚು ಕಾಣುತ್ತವೆ. ಆದರೆ ಜಡಿಮಳೆಗೆ ನದಿ ಉಕ್ಕಿತೆಂದರೆ ಮೀನೆಲ್ಲ ಕೊಚ್ಚಿಹೋಗಿ, ದಿಬ್ಬಗಳೂ ಮುಳುಗಿ, ಹದ್ದುಗಳು ಚದುರಿಬಿಡುತ್ತವೆ. ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ಜಾಲತಾಣದಲ್ಲಿ ಮಾರ್ಬಲ್‌ಮೌಂಟ್ ಮತ್ತು ಕಾಂಕ್ರೀಟ್ ಊರುಗಳ ಬಳಿಯ ನೀರಿನ ಮಟ್ಟದ ಮಾಪಕಗಳ ಗ್ರಾಫ್ ಸಿಗುತ್ತದೆ. ಗೆರೆ ಕಡಿದಾಗಿ ಏರುತ್ತಿದ್ದರೆ ಆ ವಾರಾಂತ್ಯ ಬಿಟ್ಟುಬಿಡಿ.

ಸಿಯಾಟಲ್‌ನಿಂದ ಐ-5 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಬರ್ಲಿಂಗ್ಟನ್‌ನ 230ನೇ ಎಕ್ಸಿಟ್‌ನಲ್ಲಿ ಇಳಿದು ಹೆದ್ದಾರಿ 20ರಲ್ಲಿ ಪೂರ್ವಕ್ಕೆ ತಿರುಗಿ. ಒಟ್ಟು ಸುಮಾರು 100 ಮೈಲಿ, ಎರಡು ಗಂಟೆಯ ದಾರಿ. ದಾರಿಯ ಸೀಡ್ರೊ-ವುಲ್ಲಿ ಊರಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಾಂಕ್ರೀಟ್ ದಾಟಿದರೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು. ರಸ್ತೆ ತಗ್ಗಿನಲ್ಲಿರುವುದರಿಂದ ಹಿಮಕ್ಕಿಂತ ಬೆಳಗಿನ ಬ್ಲ್ಯಾಕ್ ಐಸ್ (ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ) ಅಪಾಯಕಾರಿ, ಮರದ ನೆರಳಿನ ತಿರುವುಗಳಲ್ಲಂತೂ ಇನ್ನೂ ಹೆಚ್ಚು. ಇದೇ ಹೆದ್ದಾರಿ ಮುಂದೆ ಪರ್ವತದಲ್ಲಿ ಚಳಿಗಾಲವಿಡೀ ಮುಚ್ಚಿರುತ್ತದೆ, ಹಾಗಾಗಿ ಆ ಕಡೆಯಿಂದ ಸುತ್ತಿಕೊಂಡು ಮನೆಗೆ ಮರಳುವ ಯೋಚನೆ ಬೇಡ.

ಡಿಸೆಂಬರ್‌ನಲ್ಲಿ ಬೆಳಕಾಗುವುದೇ ಎಂಟರ ಹೊತ್ತಿಗೆ. ಅಷ್ಟರೊಳಗೆ ಜಾಗದಲ್ಲಿರಬೇಕು, ಏಕೆಂದರೆ ಹದ್ದುಗಳು ದಿಬ್ಬಕ್ಕಿಳಿದು ತಿನ್ನುವುದು ಹನ್ನೊಂದರವರೆಗೆ. ಆಮೇಲೆ ಮರವೇರಿ ಗಂಟೆಗಟ್ಟಲೆ ಸುಮ್ಮನೆ ಕೂರುತ್ತವೆ. ತಿಂಡಿ ಮುಗಿಸಿ ಒಂಬತ್ತಕ್ಕೆ ಮನೆ ಬಿಟ್ಟವರಿಗೆ ಸಿಗುವುದು ಈ ನೋಟವಷ್ಟೇ.

ಮೊದಲ ತಾಣ ರಾಕ್‌ಪೋರ್ಟ್‌ನ ಹೋವರ್ಡ್ ಮಿಲ್ಲರ್ ಸ್ಟೀಲ್‌ಹೆಡ್ ಪಾರ್ಕ್. ಅಲ್ಲಿಂದ ಮುಂದೆ ಹೆದ್ದಾರಿ 20ರ 100ನೇ ಮೈಲಿಗಲ್ಲಿನ ತಂಗುದಾಣ, ಆಮೇಲೆ ಮಾರ್ಬಲ್‌ಮೌಂಟ್‌ನ ಮೀನುಮರಿ ಕೇಂದ್ರ. ಹಂಗಾಮಿನ ವಾರಾಂತ್ಯಗಳಲ್ಲಿ 'ಈಗಲ್ ವಾಚರ್ಸ್' ಸ್ವಯಂಸೇವಕರು ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಇಟ್ಟುಕೊಂಡು ನಿಂತಿರುತ್ತಾರೆ. ಹದ್ದು ಇವತ್ತು ಎಲ್ಲಿ ಕೂತಿದೆ ಎಂದು ಅವರನ್ನೇ ಕೇಳಿ. ಅರ್ಧ ದಿನದ ಅಲೆದಾಟ ತಪ್ಪುತ್ತದೆ. ರಾಕ್‌ಪೋರ್ಟ್‌ನ ಈಗಲ್ ಮಾಹಿತಿ ಕೇಂದ್ರವೂ ವಾರಾಂತ್ಯದಲ್ಲೇ ತೆರೆಯುವುದು. ಬೆಚ್ಚಗೆ ಕುಳಿತುಕೊಳ್ಳಲು ಅದೊಂದು ಜಾಗ.

ನದಿಯಂಚಿನ ಎಲೆ ಉದುರಿದ ಕಾಟನ್‌ವುಡ್, ಮೇಪಲ್ ಮರಗಳ ತುದಿಕೊಂಬೆಗಳನ್ನು ಬೈನಾಕ್ಯುಲರ್‌ನಲ್ಲಿ ನಿಧಾನವಾಗಿ ಜಾಲಾಡಿ. ಬಿಳಿ ತಲೆ ಹತ್ತಿಯ ಉಂಡೆ ಸಿಕ್ಕಿಹಾಕಿಕೊಂಡಂತೆ ಎದ್ದು ಕಾಣುತ್ತದೆ. ಆದರೆ ಬಿಳಿ ತಲೆಯನ್ನಷ್ಟೇ ಹುಡುಕಿದರೆ ಎಷ್ಟೋ ಹದ್ದುಗಳು ಕಣ್ತಪ್ಪುತ್ತವೆ. ತಲೆ, ಬಾಲ ಪೂರ್ತಿ ಬಿಳಿಯಾಗಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಮೈಯೆಲ್ಲ ಕಂದು, ಅಲ್ಲಲ್ಲಿ ಬಿಳಿ ಮಚ್ಚೆ. ದಿಬ್ಬದ ಮೇಲೆ ಕಾಗೆಗಳು ಗುಂಪಾಗಿ ಒಂದು ಕಡೆ ಕುಪ್ಪಳಿಸುತ್ತಿದ್ದರೆ ಅಲ್ಲಿ ಮೀನಿದೆ, ಹತ್ತಿರದಲ್ಲೇ ಹದ್ದೂ ಇರಬಹುದು. ಒಂದು ಕಾಲಲ್ಲಿ ಮೀನನ್ನು ಅದುಮಿ ಹಿಡಿದು, ಕೊಕ್ಕಿನಿಂದ ಸಿಗಿದು ಸಿಗಿದು ತಿನ್ನುವುದನ್ನು ನೋಡಲು ಸ್ಕೋಪೇ ಬೇಕು. ನಮ್ಮೂರ ಕೆರೆಗಳ ಮೇಲೆ ಸುತ್ತುವ ಬಿಳಿ ತಲೆಯ ಗರುಡ ಇದರ ಮುಂದೆ ಚಿಕ್ಕದು. ಇದರ ರೆಕ್ಕೆಯಗಲ ಎರಡು ಮೀಟರ್ ಆಸುಪಾಸು. ದನಿ ಮಾತ್ರ ಈ ಗಾತ್ರಕ್ಕೆ ಒಪ್ಪದಷ್ಟು ಕೀರಲು.

ಬೈನಾಕ್ಯುಲರ್ 8x42 ಅಥವಾ 10x42 ಸಾಕು. ಕ್ಯಾಮೆರಾಗೆ ಕನಿಷ್ಠ 400 ಎಂಎಂ ಲೆನ್ಸ್ ಇರಲಿ. ಹದ್ದು ಕಪ್ಪು ಕಾಡಿನೆದುರು ಕೂತಿದ್ದರೆ ಬಿಳಿ ತಲೆ ವಿವರವಿಲ್ಲದೆ ಬರೀ ಬಿಳಿಯಾಗಿಬಿಡದಂತೆ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್‌ನಷ್ಟು (ಸ್ಟಾಪ್ ಎಂದರೆ ಕ್ಯಾಮೆರಾದಲ್ಲಿ ಬೆಳಕಿನ ಅಳತೆ) ಇಳಿಸಿ. ಬೂದು ಆಕಾಶದೆದುರು ಹಾರುವಾಗ ಒಂದು ಸ್ಟಾಪ್ ಏರಿಸಿ. ಕಾರಿನ ಕಿಟಕಿಯಿಂದ ತೆಗೆದ ಚಿತ್ರ ಮಸುಕಾದರೆ ಲೆನ್ಸನ್ನು ಬೈಯಬೇಡಿ. ಹೀಟರಿನ ಬಿಸಿಗಾಳಿ ಹೊರಗಿನ ತಣ್ಣನೆಯ ಗಾಳಿಗೆ ಸೇರುವಾಗ ನೋಟ ಅಲುಗಾಡುತ್ತದೆ. ಮೊದಲೇ ಹೀಟರ್, ಎಂಜಿನ್ ಎರಡನ್ನೂ ಆರಿಸಿ, ಕಿಟಕಿ ಇಳಿಸಿ, ಕೊಂಚ ಹೊತ್ತು ಕಾಯಿರಿ.

ಕಾರಿನೊಳಗಿದ್ದರೆ ಹದ್ದು ಅಷ್ಟಾಗಿ ಬೆದರದು. ಇಳಿದು ನದಿಯಂಚಿಗೆ ನಡೆದರೆ ಹಾರಿಹೋಗುತ್ತದೆ. ಚಳಿಯಲ್ಲಿ ಹಾಗೆ ಎಬ್ಬಿಸಿದಷ್ಟೂ ಅದರ ಮೈಯ ಶಕ್ತಿ ಖರ್ಚಾಗುತ್ತದೆ. ಹೆದ್ದಾರಿಯ ಬಿಳಿ ಗೆರೆಯೊಳಗೆ ಗಾಡಿ ನಿಲ್ಲಿಸಲೇಬೇಡಿ, ಲಾರಿಗಳು ವೇಗವಾಗಿ ಬರುತ್ತವೆ. ಮಕ್ಕಳು ಗರಿ ಹೆಕ್ಕಿದರೆ ಅಲ್ಲೇ ಬಿಡಿಸಿ: 1940ರ ಈಗಲ್ ಸಂರಕ್ಷಣಾ ಕಾಯ್ದೆಯ ಪ್ರಕಾರ ನೆಲಕ್ಕೆ ಉದುರಿದ ಗರಿಯನ್ನು ಇಟ್ಟುಕೊಳ್ಳುವುದೂ ಅಪರಾಧ.

ನದಿ ತುಂಬಿ ಹರಿಯುತ್ತಿದ್ದರೂ ರಜೆ ವ್ಯರ್ಥ ಮಾಡುವ ಮನಸ್ಸಿಲ್ಲದಿದ್ದರೆ ಮೇಲಕ್ಕೆ ಹೋಗದೆ ಮೌಂಟ್ ವರ್ನನ್ ಪಶ್ಚಿಮದ ಫರ್ ಐಲ್ಯಾಂಡ್, ಸಾಮಿಶ್ ಫ್ಲ್ಯಾಟ್ಸ್ ಹೊಲಗಳಿಗೆ ತಿರುಗಿ. ಅಲ್ಲಿ ಹದ್ದುಗಳ ಕಣ್ಣು ಬಾತು, ಸ್ನೋ ಗೂಸ್ ಎಂಬ ಬಿಳಿ ಹೆಬ್ಬಾತುಗಳ ಮೇಲೆ. ಹೊಲದಲ್ಲಿ ಮೇಯುತ್ತಿದ್ದ ಸಾವಿರಾರು ಗೂಸ್‌ಗಳು ಒಮ್ಮೆಲೇ ಎದ್ದರೆ ತಲೆಯೆತ್ತಿ ನೋಡಿ, ಹದ್ದು ಬಂದಿರಬಹುದು. ರಾಜ್ಯದ ವನ್ಯಜೀವಿ ಇಲಾಖೆಯ ಪಾರ್ಕಿಂಗ್ ಜಾಗಗಳಿಗೆ ಡಿಸ್ಕವರ್ ಪಾಸ್ ಎಂಬ ವಾಹನ ಪರವಾನಗಿ ಬೇಕು. ಅದು ಬಾತು ಬೇಟೆಯ ಕಾಲವೂ ಹೌದು, ಕಟ್ಟೆಯ ಮೇಲೆ ನಡೆಯುವುದಾದರೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ.