ಒತ್ತಟ್ಟಿಗೇ ಎರಡು ಎಕರೆ

ಹಾಸನ, 16 ಜುಲೈ 2025, ಬುಧವಾರ ರಾತ್ರಿ

ಬೆಳಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಒಂದೇ ರಗಳೆ. ಹಳೆ ಸರ್ವರ್‌ಗೆ ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ (ನೆಟ್‌ವರ್ಕಿಗೆ ಬಂದು ಹೋಗುವುದನ್ನು ಕಾಯುವ ತಂತ್ರಾಂಶ) ಹಾಕೋಣವೆಂದು ಕೂತರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದು. ಪಟ್ಟಿಯಲ್ಲಿ ಇದ್ದದ್ದು ನಾನು ಚುಚ್ಚಿದ ಪೆನ್‌ಡ್ರೈವ್ ಒಂದೇ. ಬೇರೆ ಪೆನ್‌ಡ್ರೈವ್ ಹಾಕಿದೆ, ಇಮೇಜ್ ಮತ್ತೆ ಇಳಿಸಿಕೊಂಡೆ. ಕೊನೆಗೆ ಹೊಳೆಯಿತು. ಡಿಸ್ಕುಗಳು ಇರುವುದು ರೇಡ್ ಕಾರ್ಡಿನ ಹಿಂದೆ, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡಿನ ಹಿಂದೆ. ವರ್ಚುವಲ್ ಡಿಸ್ಕ್ ಮಾಡಿಕೊಡುವ ತನಕ ಈ ಕಾರ್ಡು ಹೊರಗೆ ಏನನ್ನೂ ತೋರಿಸುವುದಿಲ್ಲ. ಬೂಟ್ ಆಗುವಾಗ ಕಂಟ್ರೋಲ್ ಆರ್ ಒತ್ತಿ ಒಳಹೊಕ್ಕು ಎರಡನ್ನೂ ಸೇರಿಸಿ ರೇಡ್ 1 ಮಾಡಿದೆ, ಒಂದರ ನಕಲು ಇನ್ನೊಂದರಲ್ಲಿ. ಆಮೇಲೆ ಪಟ್ಟಿಯಲ್ಲಿ ‘ಎಂಎಫ್‌ಐಡಿ0’ ಎಂಬ ಹೆಸರಲ್ಲಿ ಡಿಸ್ಕು ಬಂತು. ಉಸಿರು ಬಂತು.

ಅಲ್ಲೇ ಇನ್ನೊಂದೂ ಕಣ್ಣಿಗೆ ಬಿತ್ತು. ಕಾರ್ಡಿನ ಬ್ಯಾಟರಿ ಸತ್ತಿದೆ. ಕರೆಂಟ್ ಹೋದ ಗಳಿಗೆಯಲ್ಲಿ ಡಿಸ್ಕಿಗೆ ಇಳಿಯದೆ ಕ್ಯಾಶ್‌ನಲ್ಲೇ (ಕಾರ್ಡಿನ ತಾತ್ಕಾಲಿಕ ಮೆಮೊರಿಯಲ್ಲೇ) ಉಳಿದದ್ದನ್ನು ಕಾಯುವುದು ಅದೇ. ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ಅನ್ನು, ಅಂದರೆ ಮೊದಲು ಕ್ಯಾಶ್‌ಗೆ ಬರೆದು ಆಮೇಲೆ ಡಿಸ್ಕಿಗೆ ಇಳಿಸುವುದನ್ನು, ಬಲವಂತವಾಗಿ ಆನ್ ಮಾಡಬಹುದು, ವೇಗ ಸಿಗುತ್ತದೆ. ಮಾಡಲಿಲ್ಲ, ನೇರ ಡಿಸ್ಕಿಗೇ ಬರೆಯುವ ರೈಟ್ ಥ್ರೂನಲ್ಲೇ ಬಿಟ್ಟೆ. ಫೈರ್‌ವಾಲ್ ದಿನವಿಡೀ ಬರೆಯುವುದು ಹೆಚ್ಚೆಂದರೆ ಲಾಗು (ನಡೆದದ್ದರ ದಾಖಲೆ), ಅದಕ್ಕೇನು ಅವಸರ? ಅದೂ ಈ ಆಷಾಢದ ಗಾಳಿಯಲ್ಲಿ. ಹೊಸ ಬ್ಯಾಟರಿಗೆ ಬರೆದು ಕೊಟ್ಟಿದ್ದೇನೆ.

ಸಂಜೆ ಫೈರ್‌ವಾಲ್‌ನ ರೂಲುಗಳೆಲ್ಲ ಇರುವ ಕಾನ್ಫಿಗ್ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತಿದ್ದಾಗ ಅಟೆಂಡರ್ ಅಣ್ಣ ಟೀ ತಂದರು. ನೋಡುತ್ತಾ ನಿಂತು ಕೇಳಿದರು.

“ಎರಡು ಡಿಸ್ಕು ಹಾಕಿದೀನಿ, ಒಂದು ಹೋದ್ರೆ ಇನ್ನೊಂದು ಇರ್ತದೆ ಅಂದ್ರಲ್ಲ ಸಾ. ಮತ್ಯಾಕೆ ಇದು?”

“ಒಂದರಲ್ಲಿ ಬರೆದದ್ದು ಅದೇ ಕ್ಷಣಕ್ಕೆ ಇನ್ನೊಂದರಲ್ಲೂ ಬರೆದುಕೊಳ್ತದೆ ಅಣ್ಣ. ನಾನು ಒಂದು ರೂಲ್ ತಪ್ಪಾಗಿ ಅಳಿಸಿದ್ರೆ ಎರಡರಲ್ಲೂ ಅಳಿಸಿ ಹೋಗ್ತದೆ. ಕಾರ್ಡೇ ಕೆಟ್ರೆ ಎರಡೂ ಕಷ್ಟ.”

ಲೋಟ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂಗಮಾರಿ ರೋಗನೂ ಹಂಗೇ ಅಲ್ವಾ ಸಾ. ಎರಡು ಎಕರೆ ಒತ್ತಟ್ಟಿಗೇ ಆಲೂಗೆಡ್ಡೆ ಹಾಕಿದ್ರೆ ಎರಡೂ ಕರ್ರಗಾಗ್ತದೆ. ದೂರದ ರಾಗಿ ಹೊಲ ಮಾತ್ರ ಉಳಿಯೋದು.”

ಇಷ್ಟು ಚೆನ್ನಾಗಿ ನನಗೆ ಯಾವತ್ತೂ ಹೇಳಲು ಬಂದಿಲ್ಲ ಎಂದೆ. ಅವರ ಮುಖದಲ್ಲಿ ನಗು ಬರಲಿಲ್ಲ.

“ನಿಮ್ಮದು ಹೇಗಿದೆ ಅಣ್ಣ ಈ ಸಲ?”

“ಎಲೆ ಮೇಲೆ ಚುಕ್ಕೆ ಕಂಡದೆ ಸಾ. ಮ್ಯಾಂಕೋಜೆಬ್ ಔಷಧಿ ತಂದಿಟ್ಟು ನಾಕು ದಿನ ಆಯ್ತು. ಹೊಡೆಯಕ್ಕೆ ಮಳೆ ಬಿಡಬೇಕಲ್ಲ.”

ಟೀ ಆರಿತ್ತು. ಅವರು ತಲೆ ಮೇಲೆ ಪ್ಲಾಸ್ಟಿಕ್ ಚೀಲ ಎಳೆದುಕೊಂಡು ಆಲೂರು ಬಸ್ಸಿಗೆ ಹೊರಟರು.

ಈಗ ಒಂಬತ್ತೂವರೆ. ಎರಡು ಸಲ ಕರೆಂಟ್ ಹೋಗಿ ಬಂತು. ಯುಪಿಎಸ್ ಎಷ್ಟು ಹೊತ್ತು ತಡೆದೀತೆಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಚುಕ್ಕೆ ಬರೀ ಕೆಳಗಿನ ಎಲೆಗಳಲ್ಲೋ, ಮೇಲಕ್ಕೂ ಹತ್ತಿದೆಯೋ, ಅದನ್ನು ಕೇಳಲೇ ಇಲ್ಲ ನಾನು. ಹೆಂಚಿನ ಮೇಲೆ ಸದ್ದು ಹಾಗೇ ಇದೆ. ಅರ್ಧ ದಿನ ಬಿಡುವು ಕೊಟ್ಟರೂ ಸಾಕಿತ್ತು, ಈ ಮಳೆ…